ಮಾತಾಡದ ರಾಜ

ಲಗ್ನಪತ್ರಿಕೆ ಮಾಡಿಸಲು ಬರುವವರು ಯಾವತ್ತೂ ಹೊಸದೊಂದನ್ನು ಕೇಳುವುದಿಲ್ಲ. ನೆಂಟರ ಮನೆಯ ಹಳೆಯ ಪತ್ರಿಕೆಯೊಂದನ್ನು ಚೀಲದಿಂದ ತೆಗೆದು, "ಇದೇ ಥರ ಮಾಡ್ಕೊಡಿ ಮೇಡಂ, ಹೆಸರು ಮಾತ್ರ ಚೇಂಜ್" ಅನ್ನುತ್ತಾರೆ. ಯಶವಂತಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ನಾನು ಮಾಡಿದ್ದು ಇದನ್ನೇ, ಹೆಸರು ಬದಲಾಯಿಸುವ ಕೆಲಸ. 'ಗುರುಹಿರಿಯರು ನಿಶ್ಚಯಿಸಿರುವಂತೆ' ಎಂಬ ಸಾಲನ್ನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ, ಬೆರಳು ತಾನಾಗಿ ಓಡುತ್ತಿತ್ತು. ನನ್ನ ಬುದ್ಧಿಯೂ ಅದೇ ದಾರಿಯಲ್ಲಿ ಓಡುತ್ತಿತ್ತು ಎಂದು ಆಗ ಗೊತ್ತಾಗಲಿಲ್ಲ.

ಕೆಲಸಕ್ಕೆ ಸೇರಿದ್ದು ಹೊಸ ಏರ್‌ಪೋರ್ಟ್ ಶುರುವಾದ ವರ್ಷ. ಮನೆ ಯಲಹಂಕದ ಪುಟ್ಟೇನಹಳ್ಳಿಯಲ್ಲಿ. ಹೆಬ್ಬಾಳದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ರಸ್ತೆಯನ್ನೆಲ್ಲ ಅಗೆದು ಹಾಕಿದ್ದರಿಂದ ಪ್ರೆಸ್ಸು ಮುಟ್ಟುವಷ್ಟರಲ್ಲಿ ಹುಬ್ಬು ಕೂಡ ಧೂಳಿಗೆ ಕೆಂಪಗಾಗಿರುತ್ತಿತ್ತು. ಊರಿನವರ ಮದುವೆಯನ್ನೆಲ್ಲ ಅಚ್ಚು ಹಾಕುತ್ತಿದ್ದ ನನಗೆ ಮದುವೆ ಗೊತ್ತಾಗಲಿಲ್ಲ. ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ, ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲವಂತೆ. ಬಂದವರು ಉಪ್ಪಿಟ್ಟು ತಿಂದು, ಜಾತಕ ನೋಡಿ, ನೀರು ಕುಡಿದು ಎದ್ದು ಹೋಗುತ್ತಿದ್ದರು. ಯಾವ ಮುದುಕರ ಆಯುಸ್ಸನ್ನು ನಾನು ತಿನ್ನಲಿದ್ದೆನೋ ದೇವರೇ ಬಲ್ಲ.

ಆ ಸಿಟ್ಟಿನಲ್ಲೇ ಇರಬೇಕು, ನಾನು ಕಾದಂಬರಿ ಬರೆಯಲು ಕೂತೆ. ಪ್ರೆಸ್ಸಿನ ಯಜಮಾನರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಎರಡು ಗಂಟೆ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಟೈಪ್ ಮಾಡಿ, ತಪ್ಪು ಬಿದ್ದು ಮೂಲೆಗೆ ಸೇರಿದ ಪ್ರೂಫ್ ಹಾಳೆಗಳ ಹಿಂಬದಿಯಲ್ಲಿ ಪ್ರಿಂಟ್ ತೆಗೆಯುತ್ತಿದ್ದೆ. ಒಂದು ಮಗ್ಗುಲಲ್ಲಿ ಯಾರದೋ ಮದುವೆ, ಇನ್ನೊಂದು ಮಗ್ಗುಲಲ್ಲಿ ನನ್ನ ರಾಜಕುಮಾರಿಯ ಮದುವೆ. ಶನಿವಾರಕ್ಕೊಂದು ಅಧ್ಯಾಯ. ಓದುತ್ತಿದ್ದವಳು ಮೂರು ವರ್ಷ ಚಿಕ್ಕವಳಾದ ನನ್ನ ತಂಗಿ.

ಕತೆ ಹೀಗಿತ್ತು. ಎರಡು ರಾಜ್ಯಗಳ ಯುದ್ಧ ನಿಲ್ಲಿಸಲು ರಾಜಕುಮಾರಿಯನ್ನು ಕಲ್ಲುಬೆಟ್ಟದ ರಾಜನಿಗೆ ಮದುವೆ ಮಾಡಿ ಕೊಡುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಹೋಗಿ ನೋಡಿದರೆ ರಾಜ ಅವಳೊಂದಿಗೆ ಒಂದು ಮಾತೂ ಆಡುವುದಿಲ್ಲ. ಮಂತ್ರಿಗಳೊಂದಿಗೆ, ಕುದುರೆಗಳೊಂದಿಗೆ ಕೂಡ ಮಾತಾಡುವವನು ಅವಳ ಮುಂದೆ ಕಲ್ಲು. ಅವನ ಮೇಲೊಂದು ಶಾಪವಿದೆ, ಅದು ಅವನಿಗೂ ಓದುವವರಿಗೂ ಮಾತ್ರ ಗೊತ್ತು: ಅವನು ಯಾರನ್ನು ಪ್ರೀತಿಸುತ್ತಾನೋ ಅವರೊಂದಿಗೆ ಮಾತಾಡಿದ ದಿನ ರಾಜ್ಯದ ನದಿ ಬತ್ತಿ ಹೋಗುತ್ತದೆ. ಅವನು ಮಾತಾಡದಿರುವುದೇ ಅವನ ಪ್ರೀತಿ. ಎಂಥ ಚಂದದ ಸುಳ್ಳು. ಆ ಶಾಪ ಹೊಳೆದ ದಿನ ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

"ಹುಚ್ಚು ಬಿಡೋವರ್ಗೂ ಮದ್ವೆ ಆಗಲ್ಲ, ಮದ್ವೆ ಆಗೋವರ್ಗೂ ಹುಚ್ಚು ಬಿಡಲ್ಲ" ಎಂದು ಅಮ್ಮ ನನ್ನನ್ನು ನೋಡಿ ಹೇಳುತ್ತಿದ್ದಳು. ಆದರೆ ತಂಗಿ ಶನಿವಾರ ಸಂಜೆ ಬಸ್ ಸ್ಟಾಪಿಗೇ ಬಂದು ನಿಲ್ಲುತ್ತಿದ್ದಳು. ಮನೆ ಮುಟ್ಟುವಷ್ಟರಲ್ಲಿ ಅರ್ಧ ಓದಿ, ಎರಡು ಸಲ ಎಡವಿರುತ್ತಿದ್ದಳು.

ನನ್ನನ್ನು ಕಾದು ಕಾದು ಸಾಕಾಗಿ, ಅಪ್ಪ ಕೊನೆಗೆ ಚಿಕ್ಕವಳಿಗೆ ಮೊದಲು ಮಾಡಿಬಿಡೋಣ ಎಂದರು. ಚಿಕ್ಕಜಾಲದಿಂದ ಒಂದು ಸಂಬಂಧ ಬಂತು. ಹುಡುಗನದು ಅಲ್ಲೇ ಹಾರ್ಡ್‌ವೇರ್ ಅಂಗಡಿ. ಅಪ್ಪ ಇಲ್ಲ, ತಾಯಿ ಮಾತ್ರ. ನನ್ನ ನಕ್ಷತ್ರ ಕಾಡಲು ಅಲ್ಲಿ ಮಾವನೇ ಇರಲಿಲ್ಲ, ಆದರೂ ಅವರು ಕೇಳಿದ್ದು ಚಿಕ್ಕವಳನ್ನೇ. ಹೆಣ್ಣು ನೋಡಲು ಬಂದ ದಿನ ಅವನು ಒಂದು ಗಂಟೆ ಹೊತ್ತು ನಮ್ಮ ಹಾಲಿನಲ್ಲಿ ಕೂತು, ಕಾಫಿ ಲೋಟದೊಳಗೆ ನೋಡುತ್ತಿದ್ದ. ಅವನ ತಾಯಿಯೇ ಎಲ್ಲ ಮಾತಾಡಿದರು. "ನಮ್ಮುಡ್ಗಂಗೆ ಮಾತು ಕಮ್ಮಿ ಕಣಮ್ಮ. ಮನ್ಸು ಬಂಗಾರ. ಇಂಗೇ ಇರ್ತಾನೆ, ಯಾರ ತಂಟೆಗೂ ಓಗಲ್ಲ."

ನಮ್ಮ ಕಡೆ ಒಂದು ಪದ್ಧತಿ ಇದೆ. ಹುಡುಗಿಯ ಒಪ್ಪಿಗೆಯನ್ನು ದೊಡ್ಡವರು ನೇರವಾಗಿ ಕೇಳುವುದಿಲ್ಲ. ಅಕ್ಕನೋ ಸೋದರತ್ತೆಯೋ ಒಳಕೋಣೆಗೆ ಹೋಗಿ ಕೇಳಿಕೊಂಡು ಬಂದು ಹಾಲಿನಲ್ಲಿ ಹೇಳಬೇಕು. ಅವಳು ಹೊರಗೆ ಬಂದು ಏನು ಹೇಳುತ್ತಾಳೋ ಅದೇ ಹುಡುಗಿಯ ಮಾತು. ಆಮೇಲೆ ಸಕ್ಕರೆ ಹಂಚುತ್ತಾರೆ. ಅವತ್ತು ಅಪ್ಪ ನನ್ನ ಕಡೆ ನೋಡಿ, "ಕೇಳ್ಕೊಂಡು ಬಾಮ್ಮ" ಎಂದರು.

ತಂಗಿ ಮಂಚದ ಅಂಚಿನಲ್ಲಿ ಕೂತು ಬಳೆ ತಿರುಗಿಸುತ್ತಿದ್ದಳು. "ಗೊತ್ತಾಗ್ತಿಲ್ಲ ಅಕ್ಕ. ಒಂದ್ ಮಾತೂ ಆಡ್ಲಿಲ್ಲ ಅವ್ರು. ನನ್ ಮುಖಾನೂ ನೋಡ್ಲಿಲ್ಲ" ಎಂದಳು.

"ನಮ್ ರಾಜಾನೂ ಹಾಗೇ ಅಲ್ವೇನೇ?" ಎಂದೆ.

ನಕ್ಕಳು. "ಅದು ಕತೆ ಕಣೆ" ಎಂದಳು. ಮತ್ತೆ ಬಳೆ ತಿರುಗಿಸುತ್ತ, "ಎರಡು ದಿನ ಟೈಮ್ ಕೇಳು ಅಕ್ಕ. ಯೋಚ್ನೆ ಮಾಡಿ ಹೇಳ್ತೀನಿ" ಎಂದಳು.

ನಾನು ಹೊರಗೆ ಬಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅದೇ ಹಾಲಿನಲ್ಲಿ ಎಷ್ಟೋ ಗಂಡಿನ ಕಡೆಯವರು ನನ್ನ ಮುಖ ನೋಡಿ ಜಾತಕದ ಕಡೆಗೆ ಕಣ್ಣು ತಿರುಗಿಸಿದ್ದರು. ಅವತ್ತು ಮೊದಲ ಸಲ ಹತ್ತು ಜನ ನನ್ನ ಬಾಯಿಂದ ಬರುವ ಮಾತಿಗೆ ಕಾದು ಕೂತಿದ್ದರು. ಎರಡು ದಿನ ಬೇಕಂತೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ, ಎದ್ದು ಹೋಗುತ್ತಾರೆ. ಎದ್ದು ಹೋಗುವವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ನಿಜ ಹೇಳಬೇಕೆಂದರೆ ಇಷ್ಟೇ ಅಲ್ಲ. ಮಾತಾಡದ ಗಂಡಸಿನ ಜೊತೆ ಬಾಳುವುದು ಹೇಗಿರುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಕತೆ ಅಲ್ಲಿಗೆ ಬಂದು ನಿಂತಿತ್ತು.

"ಒಪ್ಪಿದಾಳೆ" ಎಂದೆ.

ಅಮ್ಮ ಸಕ್ಕರೆ ಡಬ್ಬಿ ತಂದಳು. ತಂಗಿ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಯಾರೋ ಹಿರಿಯರು ತಮಾಷೆ ಮಾಡಿದರು. ಅವಳ ಲಗ್ನಪತ್ರಿಕೆಯನ್ನು ನಾನೇ ಕೂತು ಮಾಡಿದೆ. ಪ್ರೂಫಿನ ಕೆಳಗೆ 'ಸರಿಯಿದೆ' ಎಂದು ಬರೆದು ಅಪ್ಪ ಸಹಿ ಹಾಕಿದರು. ಸಹಿ ಬಿದ್ದ ಮೇಲೆ ಏನು ತಪ್ಪಿದ್ದರೂ ಪ್ರೆಸ್ಸಿನವರು ಜವಾಬ್ದಾರರಲ್ಲ.

ಮದುವೆಯಾಗಿ ಒಂದು ತಿಂಗಳಿಗೆ ಫೋನ್ ಮಾಡಿದಳು. "ಇನ್ನೂ ಮಾತಾಡ್ಸಿಲ್ಲ ಅಕ್ಕ" ಎಂದು ನಗುತ್ತಲೇ ಹೇಳಿದಳು. ಆರು ತಿಂಗಳಾದರೂ ಅದೇ. ಅವಳು ಎದುರಿಗೆ ನಿಂತಿದ್ದರೂ ಅವನು ತಾಯಿಗೆ ಹೇಳುತ್ತಿದ್ದನಂತೆ: "ನಾಳೆ ಬೇಗ ಹೋಗ್ಬೇಕು, ತಿಂಡಿ ಮಾಡ್ಸು." ಉಪ್ಪು ಬೇಕಾದರೂ ತಾಯಿಯನ್ನೇ ಕೇಳುವುದು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಬೈಯಬೇಕಾದರೂ ಮಾತಾಡಬೇಕಲ್ಲ. ಯಾಕೆ ಹೀಗೆ ಎಂದು ಅವಳು ಅತ್ತೆಯನ್ನು ಕೇಳಿದರೆ, "ಒಂದ್ ಮಗು ಆಗ್ಲಿ, ಎಲ್ಲಾ ಸರಿ ಓಗ್ತದೆ" ಎನ್ನುವುದು ಉತ್ತರ. ಆ ಮಗುವೂ ಆಗಲಿಲ್ಲ.

"ಎಷ್ಟನೇ ಅಧ್ಯಾಯದಲ್ಲಿ ಮಾತಾಡ್ತಾನೆ ಅಕ್ಕ ರಾಜ?" ಎಂದು ಒಂದು ದಿನ ಕೇಳಿದಳು. ತಮಾಷೆಗೆ ಕೇಳಿದಳು ಎಂದುಕೊಂಡು, "ತಾಳು, ಆತುರ ಬೇಡ" ಎಂದೆ. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ವರ್ಷ ಹಿಡಿಯಿತು. ರಾಜ ರಾಣಿಯ ಕಿಟಕಿಯ ಕೆಳಗೆ ದೀಪ ಇಟ್ಟು ಹೋದ ಎಂದು ನಾನು ಬರೆದರೆ, ಅವಳು ಆ ವಾರವೆಲ್ಲ ಗಂಡ ಎಲ್ಲಿ ಏನು ಇಟ್ಟು ಹೋಗುತ್ತಾನೆ ಎಂದು ಮನೆಯೆಲ್ಲ ನೋಡುತ್ತಿದ್ದಳು. ಮರೆತು ಬಿಟ್ಟುಹೋದ ಟಾರ್ಚನ್ನೂ ಅವಳು ತನಗಾಗಿ ಇಟ್ಟದ್ದು ಎಂದುಕೊಂಡಳು. ತಿಂಗಳಿಗೊಮ್ಮೆ ನಾನೇ ಬಸ್ಸು ಹತ್ತಿ ಚಿಕ್ಕಜಾಲಕ್ಕೆ ಹೋಗಿ ನಾಲ್ಕು ಅಧ್ಯಾಯ ಕೊಟ್ಟು ಬರುತ್ತಿದ್ದೆ.

ಹಾಗೆ ಹೋದ ಒಂದು ದಿನ ಏರ್‌ಪೋರ್ಟ್ ರಸ್ತೆಯ ಪಕ್ಕದ ಟೀ ಅಂಗಡಿಯಲ್ಲಿ ಅವನನ್ನು ಕಂಡೆ. ನಾಲ್ಕೈದು ಜನ ಗೆಳೆಯರ ನಡುವೆ ಕೂತು, "ಕೇಳ್ ಮಗಾ ಇಲ್ಲಿ, ಆಮೇಲೇನಾಯ್ತು ಅಂದ್ರೆ..." ಎಂದು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾತು ಕಡಿಮೆಯವನಲ್ಲ, ಮಾತಿನ ಮಲ್ಲ. ನನ್ನನ್ನು ಕಂಡ ಕೂಡಲೇ ಬಾಯಿ ಮುಚ್ಚಿ, ತಲೆ ಅಲ್ಲಾಡಿಸಿ, ಲೋಟದೊಳಗೆ ನೋಡತೊಡಗಿದ. ಅವನಿಗೆ ಮಾತು ಬರುತ್ತದೆ, ಇವಳು ಬೇಡ, ಅಷ್ಟೇ.

ಇದನ್ನು ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವಳು ತಡೆಯಲಾರಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಡೆಯಲಾರದವಳು ನಾನು. ಮನೆಗೆ ಹಿಂದಿರುಗಿ, ರಾಜ ನದಿಯ ದಡದಲ್ಲಿ ಒಂಟಿಯಾಗಿ ನಿಂತು ಒಂದು ಕಲ್ಲಿಗೆ ರಾಣಿಯ ಹೆಸರು ಹೇಳಿಕೊಂಡು ಅಳುವ ಅಧ್ಯಾಯ ಬರೆದೆ. ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಓದಿ ಅವಳು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಅತ್ತಳು, ಅದೇ ನನ್ನನ್ನು ಇವತ್ತಿಗೂ ಸುಡುವುದು.

ಐದನೇ ವರ್ಷ ಒಂದು ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ಮನೆಗೆ ಬಂದಳು. ಅಪ್ಪ ತೀರಿಕೊಂಡು ಆಗಲೇ ವರ್ಷವಾಗಿತ್ತು, ಮನೆಯಲ್ಲಿ ನಾನು ಮತ್ತು ಅಮ್ಮ. "ಹೊಡೀತಾನಾ? ಕುಡೀತಾನಾ? ಇಲ್ವಲ್ಲ" ಎಂದು ಅಮ್ಮ ಶುರು ಮಾಡಿದಳು. "ಮಾತಾಡಲ್ಲ ಅಂತ ಯಾರಾದ್ರೂ ಗಂಡನ್ನ ಬಿಟ್ ಬರ್ತಾರಾ? ಒಬ್ಬಳಿಗೆ ಮದ್ವೇನೇ ಇಲ್ಲ, ಇನ್ನೊಬ್ಬಳು ಬಿಟ್ಟು ಬಂದ್ಲು ಅಂದ್ರೆ ನಾನ್ ಬೀದೀಲಿ ಹೆಂಗೆ ತಲೆ ಎತ್ಲಿ?"

ತಂಗಿ ನನ್ನ ಕಡೆ ನೋಡಿದಳು. ಟೀ ಅಂಗಡಿಯ ವಿಷಯ ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ಹಿಂದಿನದನ್ನೂ ಹೇಳಬೇಕಾಗುತ್ತದೆ: ಅವಳು ಎರಡು ದಿನ ಕೇಳಿದ್ದಳು, ನಾನು ಕೊಡಲಿಲ್ಲ. "ಇನ್ನೊಂದ್ ಸ್ವಲ್ಪ ದಿನ ನೋಡೇ" ಎಂದೆ. ಮೂರನೇ ದಿನ ಅವಳು ಹೊರಟಾಗ ಬ್ಯಾಗಿನೊಳಗೆ ಹೊಸ ಅಧ್ಯಾಯ ಇಟ್ಟೆ. ಯಲಹಂಕ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದವಳೂ ನಾನೇ.

ಅದಾದ ಮೇಲೆ ಅವಳು ಕತೆ ಕೇಳುವುದನ್ನು ಬಿಟ್ಟಳು. ತೆಗೆದುಕೊಂಡು ಹೋದರೆ ಓದುತ್ತಿದ್ದಳು, ಕೇಳುತ್ತಿರಲಿಲ್ಲ. ಬರಬರುತ್ತ ಅವಳ ಮಾತೂ ಕಡಿಮೆಯಾಯಿತು. ಎರಡು ವಾಕ್ಯ ಹೇಳುವ ಕಡೆ ತಲೆ ಅಲ್ಲಾಡಿಸುವುದನ್ನು ಕಲಿತಳು. ನಾನು ನನ್ನ ಸುದ್ದಿಯನ್ನೆಲ್ಲ ಹೇಳುತ್ತಿದ್ದರೆ ಅವಳು ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಒಂದು ಸಲ ಅವಳ ಪಕ್ಕದಲ್ಲಿ ಕೂತಿದ್ದಾಗ, ಈ ಮನೆಯಲ್ಲಿ ಬದುಕಿರುವುದಕ್ಕೂ ಸತ್ತಿರುವುದಕ್ಕೂ ಏನು ವ್ಯತ್ಯಾಸ ಎಂದು ಅನ್ನಿಸಿ ಹೆದರಿಕೆಯಾಯಿತು.

ಕಾದಂಬರಿ ಮುಗಿಸಿದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ. ಕೊನೆಯ ಅಧ್ಯಾಯದಲ್ಲಿ ಶಾಪ ಗೀಪ ಏನೂ ಇಲ್ಲ ಎಂದು ಬರೆದೆ. ರಾಜನಿಗೆ ಅವಳು ಬೇಕಿರಲಿಲ್ಲ, ಅಷ್ಟೇ. ಅದು ತಿಳಿದ ದಿನ ರಾಣಿ ಕೋಟೆಯ ಬಾಗಿಲು ತೆಗೆದು, ಹಗಲಿನಲ್ಲೇ, ಎಲ್ಲರೂ ನೋಡುತ್ತಿರುವಾಗಲೇ, ನದಿ ದಾಟಿ ಹೊರಟು ಹೋಗುತ್ತಾಳೆ. ಅದನ್ನು ಹಿಡಿದುಕೊಂಡು ಚಿಕ್ಕಜಾಲಕ್ಕೆ ಹೋದೆ. ಅವಳ ಅತ್ತೆ ಹಿತ್ತಲಿನಲ್ಲಿದ್ದರು. ಮೊದಲು ಬಾಯಿಬಿಟ್ಟು ಎಲ್ಲ ಹೇಳಿದೆ. ಟೀ ಅಂಗಡಿಯದನ್ನು ಹೇಳಿದೆ. ಎರಡು ದಿನದ ವಿಷಯವನ್ನೂ ಹೇಳಿದೆ.

"ಅವ್ರು ಫೋನಲ್ಲೂ ಚೆನ್ನಾಗೇ ಮಾತಾಡ್ತಾರೆ ಅಕ್ಕ. ದಿನಾ ಕೇಳಿಸ್ಕೋತೀನಿ" ಎಂದಳು. "ಅದೂ ಗೊತ್ತು, ಇದೂ ಗೊತ್ತು. ಬಾಗ್ಲ ಹಿಂದೇನೇ ನಿಂತಿದ್ದೆ ಅವತ್ತು. ನೀನು ಒಪ್ಪಿದಾಳೆ ಅಂದಿದ್ದು ಕೇಳಿಸ್ತು. ಅಕ್ಕ ಹೇಳ್ತಿದಾಳೆ ಅಂದ್ರೆ ಒಪ್ಪಿದೀನೇನೋ ಅಂದ್ಕೊಂಡೆ."

ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡಳು. ಒಂದೊಂದೇ ಪುಟ, ನಿಧಾನವಾಗಿ ಓದಿದಳು. ಕೊನೆಯ ಪುಟವನ್ನು ಎರಡು ಸಲ ಓದಿದಳು. ಹಾಳೆ ತಿರುಗಿಸಿ ನೋಡಿದಳು, ಹಿಂದೆ ಯಾರದೋ ಆರತಕ್ಷತೆ.

"ಹೊರಟು ಹೋದ್ಲು ಅಂತ ಬರ್ದಿದೀಯ. ಎಲ್ಲಿಗೆ ಹೋದ್ಲು?"

"ಅದನ್ನ ಓದೋರಿಗೆ ಬಿಟ್ಟಿದೀನಿ" ಎಂದೆ. ದೊಡ್ಡ ಲೇಖಕಿಯ ಉತ್ತರ.

"ಓದೋಳು ನಾನೊಬ್ಳೇ ಅಲ್ವಾ ಅಕ್ಕ" ಎಂದಳು.

ನಮ್ಮ ಮನೆಯಲ್ಲಿ ಎರಡು ಕೋಣೆಗಳಿದ್ದವು. ನನಗೆ ಸಂಬಳ ಬರುತ್ತಿತ್ತು. ನಮ್ಮನೆಗೆ ಬಾ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಅಮ್ಮನ ಮುಖ, ಬೀದಿಯವರ ಮುಖ, ಒಂದೇ ಮನೆಯಲ್ಲಿ ಇಬ್ಬರು ಇಂಥವರು ಎಂದು ನೋಡುವವರ ಮುಖ ಕಣ್ಣ ಮುಂದೆ ಬಂತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಅವತ್ತು ಹಾಲಿನಲ್ಲಿದ್ದವರು ನೋಡಿದ ಹಾಗೆಯೇ. ಅವಳದಲ್ಲದ ಮಾತನ್ನು ಅವಳ ಹೆಸರಿನಲ್ಲಿ ಅಷ್ಟು ಸಲೀಸಾಗಿ ಆಡಿದ್ದವಳಿಗೆ ನನ್ನದೇ ಮಾತೊಂದು ಹೊರಡಲಿಲ್ಲ.

ಅವಳ ಅತ್ತೆ ಒಳಗೆ ಬಂದು, "ಏನ್ ತಾಯಿ, ಯಾವಾಗ್ ಬಂದೆ? ಉಂಡ್ಕೊಂಡೇ ಓಗು" ಎಂದರು. ತಂಗಿ ಹಾಳೆಗಳನ್ನು ನನ್ನ ಚೀಲದೊಳಗೆ ಮಡಿಸಿ ಇಟ್ಟು ಅಡುಗೆಮನೆಗೆ ಎದ್ದು ಹೋದಳು. ತಟ್ಟೆ ತಂದು ಮುಂದಿಟ್ಟಳು. ಮುದ್ದೆ, ಅವರೆಕಾಳಿನ ಸಾರು. ನಾನು ಊಟ ಮಾಡಿದೆ. ಸಾರು ಹಾಕಲೇ ಎಂದು ಅವಳು ಕೇಳಲಿಲ್ಲ, ಸೌಟು ಹಿಡಿದು ನಿಂತು ನನ್ನ ಕಡೆ ನೋಡಿದಳು. ನಾನೂ ಬಾಯಿ ಬಿಡದೆ ತಲೆ ಅಲ್ಲಾಡಿಸಿದೆ.