ಎಮ್ರಿಸ್ ನನ್ನನ್ನು ಹೊರಗೆ ಕರೆದ ದಿನ

ಒದ್ದೆ ರಬ್ಬರಿನ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ಮೊನ್ನೆ ಗರಾಜಿನಲ್ಲಿ ಹಳೆಯ ಡಬ್ಬವೊಂದನ್ನು ತೆರೆದಾಗ ಗೋಲ್‌ಕೀಪರಿನ ಕೈಗವಸುಗಳಿಂದ ಅದೇ ವಾಸನೆ ಬಂತು. ನಾನು ಅಲ್ಲೇ ಕೂತುಬಿಟ್ಟೆ.

ಗೋಲ್‌ಕೀಪರ್ ಎಂದರೆ ನಾನೇ, ನಗಬೇಡಿ. ಎರಡು ಸಾವಿರದ ಐದೋ ಆರೋ ಇರಬೇಕು, ಆಗ ಅಮೆರಿಕದ ಕೆಂಟ್ ಎಂಬ ಊರಿನಲ್ಲಿದ್ದೆವು. ಮೈಸೂರಿನ ಗೆಳತಿ ಶಬಾನಾ ಅಲ್ಲಿನ ಹೆಂಗಸರ ಫುಟ್‌ಬಾಲ್ ತಂಡ ಸೇರಿದ್ದಳು. "ನೀನು ಓಡೋದೇ ಬೇಡ ಕಣೇ, ಗೋಲಲ್ಲಿ ನಿಂತ್ಕೊಂಡ್ರೆ ಸಾಕು" ಎಂದು ನನ್ನನ್ನೂ ಎಳೆದೊಯ್ದಳು. ಮಂಡ್ಯದ ಹೈಸ್ಕೂಲಿನಲ್ಲಿ ಟೆನಿಕಾಯ್ಟ್ ರಿಂಗು ಹಿಡಿದಿದ್ದೇ ನನ್ನ ಅರ್ಹತೆ. ಮೊದಲ ಪಂದ್ಯದಲ್ಲಿ ಏಳು ಗೋಲು ಬಿಟ್ಟೆ.

ನಮ್ಮ ಮ್ಯಾನೇಜರು ಎಮ್ರಿಸ್, ವೇಲ್ಸ್ ದೇಶದವರು. ಹದಿನೈದು ವರ್ಷ ವೃತ್ತಿಪರ ಗೋಲ್‌ಕೀಪರಾಗಿ ಆಡಿ, ಆಮೇಲೆ ಅಲ್ಲಿಯೇ ಸಣ್ಣ ಊರಿನ ಕ್ಲಬ್ಬೊಂದಕ್ಕೆ ಮ್ಯಾನೇಜರಾಗಿದ್ದರಂತೆ. ಹೆಂಡತಿ ಕ್ಯಾರಲ್‌ಳ ತವರು ನಮಗೆ ಹತ್ತಿರದ ಡುವಾಲ್ ಎಂಬ ಊರು. ಆಗ ಅಲ್ಲಿ ಇಬ್ಬರೂ ಕೋಳಿ ಸಾಕಿಕೊಂಡಿದ್ದರು.

ಆ ಏಳು ಗೋಲಿನ ಮರುವಾರ ಅವರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಗೋಲಿನಲ್ಲಿ ನಿಂತರು. ಅರವತ್ತು ದಾಟಿದ ಮನುಷ್ಯ. ನಾವು ಹದಿನಾಲ್ಕು ಹೆಂಗಸರು ಒಬ್ಬೊಬ್ಬರಾಗಿ ಒದ್ದೆವು. ಒಂದೂ ಒಳಗೆ ಹೋಗಲಿಲ್ಲ. ಅವರು ಹಾರಲಿಲ್ಲ, ಬೀಳಲಿಲ್ಲ. ಚೆಂಡು ಎಲ್ಲಿಗೆ ಬರುತ್ತಿತ್ತೋ ಅಲ್ಲಿ ಮೊದಲೇ ಇರುತ್ತಿದ್ದರು. ಸಂಗೀತದ ವಿದ್ವಾಂಸರು ಮಕ್ಕಳಿಗೆ ಸರಳೆ ಹೇಳಿಕೊಡುತ್ತ ಇದ್ದಕ್ಕಿದ್ದಂತೆ ರಾಗಕ್ಕೆ ಹೊರಳಿಬಿಡುತ್ತಾರಲ್ಲ, ಹಾಗಿತ್ತು. ಬಾಯಿ ಬಿಟ್ಟುಕೊಂಡು ನೋಡಿದೆ. ಒದೆಯುವವಳ ಕಾಲು ನೋಡಬೇಡ, ಸೊಂಟ ನೋಡು ಎಂದರು. ಪಾಠ ಅಷ್ಟೇ. ಗವಸು ಬಿಚ್ಚಿದಾಗ ಅವರ ಬಲಗೈಯ ಮೂರು ಬೆರಳು ಬೇರಿನಂತೆ ಸೊಟ್ಟಗಾಗಿದ್ದುದು ಕಂಡಿತು. ಕೇಳುವ ಧೈರ್ಯವಾಗಲಿಲ್ಲ.

ಮುಂದಿನ ವರ್ಷ, ಯಾರೂ ನಂಬದ ಹಾಗೆ, ಎವರೆಟ್ ಎಂಬ ಊರಿನಲ್ಲಿ ಫೈನಲ್ ಆಡಿದೆವು. ಸ್ಕೋರು ಒಂದಕ್ಕೊಂದು, ಹತ್ತು ನಿಮಿಷ ಬಾಕಿ. ಚೆಂಡಿನ ಮೇಲೆ ಬಿದ್ದೆ, ಎದುರಾಳಿಯ ಬೂಟು ನನ್ನ ಬೆರಳಿಗೆ ಬಡಿಯಿತು. ಕೈಯನ್ನು ಬೆನ್ನ ಹಿಂದೆ ಅಡಗಿಸಿ, ಏನೂ ಆಗಿಲ್ಲ ಎಂದೆ. ಎಮ್ರಿಸ್ ಬಂದು ನನ್ನ ಮುಖವನ್ನೇ ನೋಡಿದರು, ಕೈಗವಸು ಬಿಚ್ಚಿಸಿದರು, ಶಬಾನಾಳನ್ನು ಗೋಲಿಗೆ ನಿಲ್ಲಿಸಿದರು. ಎರಡು ಗೋಲಿನಿಂದ ಸೋತೆವು.

ಪಾರ್ಕಿಂಗ್ ಜಾಗದಲ್ಲಿ ನಾನು ಉರಿದುಕೊಂಡು ಕೂತಿದ್ದೆ. ಬೆರಳಿಗೆ ಐಸ್ ಕಟ್ಟುತ್ತ ಕ್ಯಾರಲ್ ಹೇಳಿದಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎಮ್ರಿಸ್‌ರ ಮುರಿದ ಬೆರಳುಗಳಿಗೆ ನೋವು ತಿಳಿಯದಂತೆ ಇಂಜೆಕ್ಷನ್ ಚುಚ್ಚಿ ಕ್ಲಬ್ಬಿನವರು ಆಡಿಸಿದ್ದರಂತೆ. ತಂಡ ಗೆದ್ದಿತು, ಬೆರಳು ಮತ್ತೆ ನೆಟ್ಟಗಾಗಲಿಲ್ಲ. ವರ್ಷಗಳ ಮೇಲೆ, ಅವರು ಮ್ಯಾನೇಜರಾಗಿದ್ದಾಗ, ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುವಂಥ ಪಂದ್ಯದಲ್ಲಿ ಅವರ ಗೋಲ್‌ಕೀಪರಿಗೆ ಅದೇ ಪೆಟ್ಟಾಯಿತು. ಅವನು ಆಡುತ್ತೇನೆಂದು ಅಂಗಲಾಚಿದ. ತೆಗೆಯಬೇಡಿ ಎಂದು ಮಾಲೀಕರು ಮೇಲಿನಿಂದ ಹೇಳಿಕಳಿಸಿದರು. ಎಮ್ರಿಸ್ ಅವನನ್ನು ಹೊರಗೆ ಕರೆದರು. ಸೋತರು. ಮರುದಿನ ಬೆಳಿಗ್ಗೆ ಫೋನಿನಲ್ಲೇ ಕೆಲಸ ಹೋಯಿತು. ಆಮೇಲೆ ಯಾವ ಕ್ಲಬ್ಬೂ ಅವರನ್ನು ಕರೆಯಲಿಲ್ಲ.

ನಾನು ಎದ್ದು ಮೈದಾನಕ್ಕೆ ಹೋದೆ. ಎಮ್ರಿಸ್ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಿದ್ದರು. ಆವತ್ತು ಆ ಗೋಲ್‌ಕೀಪರನ್ನು ಹೊರಗೆ ಕರೆದದ್ದಕ್ಕೆ ಯಾವಾಗಲಾದರೂ ಪಶ್ಚಾತ್ತಾಪ ಪಟ್ಟಿದ್ದೀರಾ ಎಂದು ಕೇಳಿದೆ. ಅವರು ಕೊನೆಯ ಚೆಂಡನ್ನು ಚೀಲಕ್ಕೆ ಹಾಕಿ ದಾರ ಬಿಗಿದರು.

"ಅವನೀಗ ಬಡಗಿ," ಎಂದರು. "ಬಹಳ ಒಳ್ಳೆಯ ಬಡಗಿ."

ಕೆಲವು ವರ್ಷಗಳಲ್ಲಿ ಅವರಿಬ್ಬರೂ ವೇಲ್ಸ್‌ಗೆ ಹೊರಟುಹೋದರು. ನಾನೂ ಮ್ಯಾನೇಜರಾದೆ, ಆಫೀಸಿನಲ್ಲಿ, ಎಂಟು ಜನರಿಗೆ. ಅವರಲ್ಲಿ ಸುಮಾ ಎಂಬುವಳು ಮಣಿಕಟ್ಟಿನ ನೋವಿಗೆ ಪಟ್ಟಿ ಬಿಗಿದುಕೊಂಡೇ ತಿಂಗಳಿಂದ ಟೈಪ್ ಮಾಡುತ್ತಿದ್ದಳು. ಸಾಫ್ಟ್‌ವೇರ್ ರಿಲೀಸ್ ಹತ್ತಿರ ಬಂದಿದೆಯೆಂದು ನಾನು ಕಂಡೂ ಕಾಣದ ಹಾಗಿದ್ದೆ. ಮೊನ್ನೆ ಗರಾಜಿನ ನೆಲದಿಂದಲೇ ಅವಳಿಗೆ ಫೋನ್ ಮಾಡಿದೆ.

"ಸುಮಾ, ಎರಡು ವಾರ ನೀನು ಲ್ಯಾಪ್‌ಟಾಪ್ ಮುಟ್ಟೋ ಹಾಗಿಲ್ಲ. ಡೇಟ್ ಮುಂದಕ್ಕೆ ಹೋಗ್ಲಿ, ಮೇಲಿನೋರಿಗೆ ನಾನು ಹೇಳ್ತೀನಿ."

ಇಷ್ಟು ಹೇಳುವುದಕ್ಕೇ ನನ್ನ ದನಿ ನಡುಗಿತು. ಕ್ರೀಡಾಂಗಣದ ತುಂಬ ಜನ ಕೂಗುತ್ತಿದ್ದಾಗ ಎಮ್ರಿಸ್ ಗೆರೆಯ ಅಂಚಿಗೆ ಬಂದು ಕೈಯೆತ್ತಿ ಆ ಗೋಲ್‌ಕೀಪರನ್ನು ಕರೆದರಲ್ಲ, ಆಗ ಅವರ ದನಿ ಹೇಗಿತ್ತೋ.