ಅನುಮತಿಯಿಲ್ಲದೆ ಬಂದ ವಸಂತ

ಆ ಉದ್ಯಾನದ ಮಾಲಿಗೆ ಮೂವತ್ತೊಂದು ವರ್ಷದ ನೌಕರಿಯಲ್ಲಿ ಬಂದದ್ದು ಒಂದೇ ಒಂದು ಮೆಮೊ. ಅದೂ ವಸಂತ ಮಾಡಿದ ತಪ್ಪಿಗೆ.

ನಡುದಾರಿಯ ಎರಡೂ ಬದಿಯ ನಲವತ್ತು ಮರಗಳನ್ನು ಕೆಲಸಕ್ಕೆ ಸೇರಿದ ವರ್ಷ ಅವನೇ ನೆಟ್ಟಿದ್ದ. ಅವು ಗುಲಾಬಿ ಬಣ್ಣದ ಹೂ ಬಿಡತೊಡಗಿದಂದಿನಿಂದ, ಮೊದಲ ಹೂ ಅರಳಿದ ತಾರೀಖನ್ನು ಸಲಿಕೆ-ಗುದ್ದಲಿ ಇಡುವ ಕೋಣೆಯ ಬಾಗಿಲ ಹಿಂದೆ ಬರೆದಿಡುತ್ತಿದ್ದ. ಶುರುವಿನಲ್ಲಿ ಮಾರ್ಚ್ ಕೊನೆಗಿದ್ದ ತಾರೀಖು ವರ್ಷವರ್ಷಕ್ಕೂ ಹಿಂದೆ ಸರಿದು ಫೆಬ್ರವರಿಯಲ್ಲಿ ಬಂದು ಕೂತಿತ್ತು.

ಹೊಸ ಸಾಹೇಬರು ಬಾಗಿಲು ಓದುವವರಲ್ಲ, ಫೈಲು ಓದುವವರು. ಇಪ್ಪತ್ತು ವರ್ಷದ ಹಿಂದಿನ ಫೈಲಿನಲ್ಲಿ ಹೂವಿನ ಕಾಲ ಮಾರ್ಚ್ ಇಪ್ಪತ್ತೈದು ಎಂದಿತ್ತು. ಹೊಸ ಕಲ್ಲುಬೆಂಚುಗಳನ್ನು ದೊಡ್ಡ ಸಾಹೇಬರು ಅಂದೇ, ಹೂವಿನ ನೆರಳಲ್ಲೇ ಉದ್ಘಾಟಿಸುತ್ತಾರೆಂದು ಕಾರ್ಡು ಅಚ್ಚಾಯಿತು.

"ಸಾರ್, ಅಷ್ಟೊತ್ತಿಗೆ ಒಂದು ಹೂವೂ ಇರಲ್ಲ. ಮೊಗ್ಗು ಆಗಲೇ ಕಟ್ಟಿದೆ," ಎಂದ ಮಾಲಿ.

"ಕಾರ್ಡು ಪ್ರಿಂಟಾಗಿದೆಯಲ್ಲಯ್ಯ. ಒಂಚೂರು ತಡೆದು ನೋಡು. ನೀರು ಕಮ್ಮಿ ಮಾಡು."

ಮಾಲಿ ನೀರು ಕಮ್ಮಿ ಮಾಡಿದ. ಮರಗಳಿಗೆ ಯಾರೂ ಕಾರ್ಡು ಕೊಟ್ಟಿರಲಿಲ್ಲವೋ ಏನೋ, ಫೆಬ್ರವರಿ ಇಪ್ಪತ್ತಕ್ಕೇ ಮೈತುಂಬ ಹೂ ಬಿಟ್ಟು, ಹನ್ನೆರಡು ದಿನ ಮೆರೆದು, ಎಲ್ಲ ಉದುರಿಸಿ ಸುಮ್ಮನಾದವು.

ಮರಗಳಿಗೆ ಮೆಮೊ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ, ಮಾಲಿಗೆ ಕೊಟ್ಟರು. 'ಮೇಲಧಿಕಾರಿಗಳ ಅನುಮತಿಯಿಲ್ಲದೆ ಅವಧಿಗೆ ಮುನ್ನ ಹೂ ಬಿಡಲು ಆಸ್ಪದ ಕೊಟ್ಟಿದ್ದೇಕೆ?'

ಅಂದು ರಾತ್ರಿ ಮನೆಯಲ್ಲಿ ಮೆಮೊ ಬಿಡಿಸಿಕೊಂಡು ಕೂತ. ಹೊಲಿಗೆ ಮಷಿನ್ ಮುಂದೆ ಕೂತಿದ್ದ ಹೆಂಡತಿಯನ್ನು ಕೇಳಿದ: "ಏನಂತ ಬರೀಲೇ ಇದಕ್ಕೆ?"

"ಬಾಗಿಲಲ್ಲಿ ಇರೋದನ್ನೇ ಬರೀರಿ. ನಿಮ್ಮ ಕೈಲಿ ಸುಳ್ಳು ಬರೆಯೋಕಾಗಲ್ಲ, ಅಕ್ಷರ ಸೊಟ್ಟ ಬರುತ್ತೆ."

ಅಷ್ಟೂ ವರ್ಷದ ತಾರೀಖುಗಳನ್ನು ದುಂಡಗೆ ಬರೆದುಕೊಟ್ಟ. 'ವಿವರಣೆ ಸಮರ್ಪಕವಾಗಿಲ್ಲ' ಎಂಬ ಷರಾ ಬಿತ್ತು. ಜೊತೆಗೆ ಎರಡು ಸಾವಿರ ಬಟ್ಟೆ ಹೂವೂ ಬಂದವು. ಮೂರು ದಿನ ಏಣಿ ಹತ್ತಿಳಿದು, ಚಿಗುರಿದ ರೆಂಬೆಗಳಿಗೆ ತಂತಿಯಿಂದ ಬಿಗಿದ. ಬುತ್ತಿ ತಂದ ಹೆಂಡತಿ ಒಂದನ್ನು ತಿರುಗಿಸಿ ನೋಡಿ, "ಹೊಲಿಗೆ ಕೂಡ ನೆಟ್ಟಗಿಲ್ಲ ಕಣ್ರೀ," ಎಂದಳು.

ಉದ್ಘಾಟನೆಗೆ ಬಂದ ದೊಡ್ಡ ಸಾಹೇಬರು ತಲೆಯೆತ್ತಿ ನೋಡಿ ಪುಳಕಗೊಂಡರು. "ಮನುಷ್ಯ ಹೊತ್ತು ತಪ್ಪಬಹುದು, ಪ್ರಕೃತಿ ತಪ್ಪಲ್ಲ ನೋಡಿ," ಎಂದರು. ಚಪ್ಪಾಳೆ ಬಿತ್ತು. ಜೇನುಹುಳವೊಂದು ಮಾತ್ರ ಎರಡು ಸುತ್ತು ಹಾಕಿ, ಭಾಷಣ ಮುಗಿಯುವ ಮೊದಲೇ ಎದ್ದುಹೋಯಿತು.

ಹೊಸ ಸಾಹೇಬರಿಗೆ ಬಟ್ಟೆ ಹೂವೇ ಹಿಡಿಸಿಬಿಟ್ಟಿತು. ಕಸವಿಲ್ಲ, ತಕರಾರಿಲ್ಲ; ವರ್ಷವಿಡೀ ಹಾಗೇ ಇರಲೆಂದು ಆಜ್ಞೆಯಾಯಿತು. ಆದರೆ ತಂತಿ ಬಿಗಿದ ಕಡೆಯೆಲ್ಲ ಎಳೆಚಿಗುರು ಕಪ್ಪಾಗಿ ಬಾಡತೊಡಗಿತು. ಮಾಲಿ ಒಂದು ವಾರ ನೋಡಿದ. ಭಾನುವಾರ ಬೆಳಗಾಗುತ್ತಲೇ ಹೆಂಡತಿಯನ್ನು ಕರೆದುಕೊಂಡು ಬಂದು ಏಣಿ ಹಾಕಿದ. ಅವಳು ಕೆಳಗೆ ಏಣಿ ಹಿಡಿದಳು, ಅವನು ಒಂದೊಂದೇ ತಂತಿ ಬಿಚ್ಚಿದ. ಸಂಜೆಗೆ ಆರು ಚೀಲ ತುಂಬಿದವು.

ಸೋಮವಾರ ಸಾಹೇಬರು ನಡುದಾರಿಯಲ್ಲಿ ನಿಂತು ಮೇಲೆ ನೋಡಿದರು.

"ಹೂವೆಲ್ಲಿ ಹೋದವಯ್ಯ?"

"ಉದುರಿದವು ಸಾರ್. ಕಾಲ ಮುಗೀತು," ಎಂದ ಮಾಲಿ.

ಸಾಹೇಬರು ತುಸು ಯೋಚಿಸಿ, ಅದನ್ನು ಫೈಲಿನಲ್ಲಿ ಬರೆದುಕೊಂಡರು.