ಐವತ್ತು ಚೀಟಿಗೆ ಆರು ಕಪ್ಪು-ಬಸಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈಗಲೂ ಹಾಗೇ, ಮದುವೆಯಾಗಿ ದಾವಣಗೆರೆಗೆ ಬಂದ ಹೊಸತರಲ್ಲೂ ಹಾಗೇ. ಆಗ ನಯಾಪೈಸೆ ಬಂದು ಒಂದೆರಡು ವರ್ಷವಾಗಿತ್ತಷ್ಟೆ. ನಮ್ಮ ಮನೆಯವರು ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ನಾವಿಬ್ಬರು, ನಮ್ಮ ಅತ್ತೆ, ಮದುವೆಯ ವಯಸ್ಸಿನ ನಾದಿನಿ. ಚಹಾ ಕುಡಿಯುವುದು ಹಿತ್ತಾಳೆ ಲೋಟದಲ್ಲಿ. ತುಟಿ ಸುಟ್ಟರೂ ನಮಗೆ ಅದೇ ರೂಢಿ. ದೊಡ್ಡ ನೆಂಟರು ಬಂದಾಗ ಮಾತ್ರ ಎದುರುಮನೆಯಿಂದ ಪಿಂಗಾಣಿ ಕಪ್ಪು-ಬಸಿ ಕೇಳಿ ತರುತ್ತಿದ್ದೆವು.

ನಾದಿನಿಯನ್ನು ನೋಡಲು ಮೊದಲ ಸಲ ಗಂಡಿನವರು ಬಂದಾಗ ಹಾಗೆ ತಂದ ಆರರಲ್ಲಿ ಒಂದರ ಹಿಡಿ ನನ್ನ ಕೈಯಲ್ಲಿ ಮುರಿಯಿತು. ಆ ಸಂಬಂಧವೂ ಕೂಡಿಬರಲಿಲ್ಲ. ಎದುರುಮನೆಯಾಕೆ ಕಪ್ಪಿನ ಸುದ್ದಿಯನ್ನು ಓಣಿಗೆಲ್ಲ ಡಂಗುರ ಸಾರಿದಳು. ನಾನು ನಲ್ಲಿಯ ಹತ್ತಿರ ಹೋದರೆ ಸಾಕು, "ಹುಷಾರವ್ವ, ಕೊಡ ಒಡದೀಯ" ಎಂದು ನಗುವುದು. ನನ್ನ ಕೊಡ ಹಿತ್ತಾಳೆಯದು! ಇನ್ನು ಸತ್ತರೂ ಆಕೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಅಂದೇ ಆಣೆ ಇಟ್ಟುಕೊಂಡೆ. ಆದರೆ ಕೊಳ್ಳೋಣವೆಂದರೆ ಗಿರಣಿಯ ಪಗಾರದಲ್ಲಿ ಕಪ್ಪು-ಬಸಿಗೆ ಎಲ್ಲಿಯ ಜಾಗ?

ಅಷ್ಟರಲ್ಲಿ ಪೇಟೆಗೆ ಹೊಸ ಚಹಾಪುಡಿಯೊಂದು ಬಂತು. ಪೊಟ್ಟಣದೊಳಗೊಂದು ಕೂಪನ್ನು. ಐವತ್ತು ಕೂಪನ್ನು ಕೂಡಿಸಿಕೊಟ್ಟರೆ ಆರು ಕಪ್ಪು, ಆರು ಬಸಿ ಪುಕ್ಕಟೆ. ಸೋಪಿನ ಹೊದಿಕೆ ಕೂಡಿಸಿ ಬಿಟ್ಟಿ ಸೋಪು ತರುವುದರಲ್ಲಿ ನಾನು ಆಗಲೇ ಪಳಗಿದ್ದೆ, ಇದನ್ನು ಬಿಡುತ್ತೇನೆಯೇ? ಅಂದಿನಿಂದ ಮನೆಗೆ ಅದೇ ಪುಡಿ.

"ಕಾಗದ ಇಸ್ಕಂಡು ಕಪ್ಪು ಕೊಡ್ತಾನಂತ! ಯಾವ ಧರ್ಮಾತ್ಮ ಅವ್ನು?" ಎಂದು ಅತ್ತೆ ಮುಸಿಮುಸಿ ನಕ್ಕರು.

ನಕ್ಕರೆ ನಗಲಿ ಎಂದುಕೊಂಡೆ. ಗಿರಣಿಯಲ್ಲಿ ಜೊತೆಯವರ ಹತ್ತಿರ ಚೀಟಿ ಕೇಳಿ ತನ್ನಿ ಎಂದು ಮನೆಯವರ ಬೆನ್ನು ಹತ್ತಿದೆ. ಅವರು ನಾಚಿಕೊಂಡೇ ನಾಲ್ಕೈದು ತಂದುಕೊಟ್ಟರು. ಆಮೇಲಾಮೇಲೆ ಅತ್ತೆಗೂ ಈ ಹುಚ್ಚು ಹತ್ತಿತು. ಸಂತೆಗೆ ಹೋದವರು ಸೆರಗಿನ ತುದಿಯಲ್ಲಿ ಎರಡು ಚೀಟಿ ಗಂಟು ಹಾಕಿಕೊಂಡು ಬಂದು, "ಹಾದ್ಯಾಗ ಬಿದ್ದಿದ್ವು, ಸುಮ್ನ ಯಾಕ ಬಿಡ್ಬೇಕು" ಎನ್ನುತ್ತಿದ್ದರು.

ವರ್ಷ ಕಳೆಯುವಷ್ಟರಲ್ಲಿ ಐವತ್ತು ತುಂಬಿತು. ಅವನ್ನು ಹತ್ತತ್ತರಂತೆ ದಾರ ಕಟ್ಟಿ ತಗಡಿನ ಡಬ್ಬಿಯಲ್ಲಿಟ್ಟು, ಅತ್ತೆಯ ಕೈಗೆ ಕೊಟ್ಟು, ದೀಪಾವಳಿಗೆಂದು ತವರಿಗೆ ಹೋದೆ. ತಿರುಗಿ ಬಂದಾಗ ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಮಾಯಕೊಂಡದಿಂದ ಒಳ್ಳೆಯ ಸಂಬಂಧ ಬಂದಿದೆ, ಭಾನುವಾರ ಹೆಣ್ಣು ನೋಡಲು ಬರುತ್ತಾರೆ ಎಂದರು. ಅಂದು ಶುಕ್ರವಾರ. ಡಬ್ಬಿ ಹಿಡಿದು ಪೇಟೆಗೆ ಓಡಿದರೆ, ಅಲ್ಲಿಯ ಏಜೆಂಟರ ಹತ್ತಿರ ಕಪ್ಪುಗಳೆಲ್ಲ ಖಾಲಿ. "ಹರಿಹರದಾಗ ಅದಾವೆ, ಅಲ್ಲಿಗೆ ಹೋಗ್ರಿ" ಎಂದರು.

ಶನಿವಾರ ಬೆಳಗ್ಗೆ ಅತ್ತೆಯೂ ನಾನೂ ಹರಿಹರದ ಬಸ್ಸು ಹತ್ತಿದೆವು. ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಅಂಗಡಿಗೆ ಹೋಗಿ ನೋಡಿದರೆ ಕಪಾಟಿನಲ್ಲಿ ನೀಲಿ ಅಂಚಿನ ಕಪ್ಪುಗಳು ಸಾಲಾಗಿ ಕೂತಿವೆ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾವುಕಾರರು ಡಬ್ಬಿ ತೆಗೆದು, ಒಂದು ಕಟ್ಟು ಬಿಚ್ಚಿ, ತಲೆ ಅಲ್ಲಾಡಿಸಿದರು.

"ಇವು ನಡ್ಯಾಂಗಿಲ್ಲಮ್ಮ. ಕೆಂಪು ಗುರುತು ಬಿದ್ದಾವೆ. ಸಾಮಾನು ಕೊಟ್ಟ ಮ್ಯಾಲೆ ಚೀಟಿ ಮತ್ತೆ ಬರಬಾರ್ದು ಅಂತ ನಾವೇ ಕೆಂಪು ಮಸಿ ಹಚ್ತೀವಿ. ಇವು ಒಂದ್ಸಲ ಆಗಿಹೋದ ಚೀಟಿ."

ಉಳಿದ ಕಟ್ಟುಗಳನ್ನೂ ಬಿಚ್ಚಿ ನೋಡಿದೆ. ಐವತ್ತಕ್ಕೆ ಐವತ್ತೂ ಹಾಗೇ, ಪ್ರತಿಯೊಂದರ ನಡುವೆ ಕೆಂಪು ಬೊಟ್ಟು. ಅತ್ತೆಯ ಕಡೆ ತಿರುಗಿದೆ.

"ಲಕ್ಷ್ಮೀ ಪೂಜಿ ದಿನ ರೊಕ್ಕದ ಜೊತಿಗೆ ಇವನ್ನೂ ದೇವರ ಜಗುಲಿ ಮ್ಯಾಲೆ ಇಟ್ಟಿದ್ದೆ" ಎಂದರು ಅತ್ತೆ, ಮೆಲ್ಲಗೆ. "ವರ್ಷ ಪೂರಾ ಕೂಡಿಸೀದಿ. ಅದೂ ಲಕ್ಷ್ಮೀನೇ ಅಲ್ಲೇನು? ಕುಂಕುಮ ಹಚ್ಚಿದೆ."

"ಹಚ್ಚೋದಾದ್ರೆ ಮ್ಯಾಲಿನ ಒಂದಕ್ಕೆ ಹಚ್ಬೇಕು! ಐವತ್ತಕ್ಕೂ ಹಚ್ತಾರೇನ್ರಿ?"

"ಒಂದಕ್ಕೆ ಹಚ್ಚಿ ಒಂದಕ್ಕೆ ಬಿಟ್ರೆ ಹೆಂಗೆ?"

ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿ ಜನರಿದ್ದಾರೆ ಎಂಬ ಖಬರೂ ಇಲ್ಲದೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ಕೈಯಾರೆ ಹಾಳು ಮಾಡಿದಿರಿ, ನಾಳೆ ಎದುರುಮನೆಗೆ ನೀವೇ ಹೋಗಿ ಕೈ ಒಡ್ಡಿರಿ, ನಾನಂತೂ ಹೋಗುವುದಿಲ್ಲ ಎಂದೆ. ಸೊಸೆಯಾದವಳು ಅತ್ತೆಗೆ ಆಡುವ ಮಾತಲ್ಲ ಅದು. ನಾನು ಮಾತು ಮುಗಿಸಿ ಅಳಲು ಶುರುಮಾಡಿದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಸಾವುಕಾರರ ತೆರೆದ ಗಲ್ಲಾಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಸಾವ್ಕಾರ್ರೆ, ಆ ಮೂಲ್ಯಾಗಿನ ನೋಟಿಗೆ ಕುಂಕುಮ ಹಚ್ಚೀರಲ್ಲ?"

"ಪೂಜಿ ನೋಟು ಅದು, ಅಮ್ಮಾರೆ."

"ಹಂಗಾರೆ ಅದೂ ನಡ್ಯಾಂಗಿಲ್ಲೇನು? ನಡ್ಯಾಂಗಿಲ್ಲಂದ್ರೆ ಇತ್ಲಾಗ ಕೊಡ್ರಿ, ನಾ ನಡಸ್ಕಂತೀನಿ."

ಅಂಗಡಿಗೆ ಅಂಗಡಿಯೇ ಗೊಳ್ಳೆಂದು ನಕ್ಕಿತು. ಸಾವುಕಾರರು ಸೋಲಲೊಲ್ಲದೆ ಒಂದು ಚೀಟಿ ಎತ್ತಿ ಬೆರಳಿನಿಂದ ಉಜ್ಜಿದರು. ಕುಂಕುಮದ ಪುಡಿ ಉದುರಿತು, ಕೆಳಗೆ ಮಸಿಯ ಗುರುತೇ ಇರಲಿಲ್ಲ. ಇನ್ನೊಂದು ಉಜ್ಜಿದರು, ಮತ್ತೊಂದು ಉಜ್ಜಿದರು. ಹತ್ತಾಗುವ ಹೊತ್ತಿಗೆ ಅವರ ಬೆರಳೇ ಕೆಂಪಗಾಗಿತ್ತು.

"ಸಾಕು ಬಿಡ್ರಿ. ಕಂಪನಿಯೋರು ಕೇಳಿದ್ರೆ ಲಕ್ಷ್ಮೀನೇ ಬಂದು ಕೊಟ್ಟುಹೋದ್ಲು ಅಂತೀನಿ" ಎಂದು ಅವರೂ ನಕ್ಕು ಕಪಾಟಿಗೆ ಕೈಹಾಕಿದರು.

ಒಂದೊಂದೇ ಕಪ್ಪನ್ನು ಒಣಹುಲ್ಲಿನಲ್ಲಿ ಸುತ್ತಿ ಬುಟ್ಟಿಗೆ ಇಡುತ್ತಿದ್ದರು. ನಾನು ಎಣಿಸುತ್ತ ನಿಂತಿದ್ದೆ. ಖುಷಿ ಒಂದು ಕಡೆ, ಆಡಿದ ಮಾತಿನ ನಾಚಿಕೆ ಒಂದು ಕಡೆ. ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ. ಮನೆಗೆ ಹೋದಮೇಲೆ ಇದೆ ನನಗೆ ಎಂದುಕೊಂಡೆ. ಆಗ ಸಾವುಕಾರರು ಬುಟ್ಟಿಗೆ ಹುರಿ ಬಿಗಿಯುತ್ತ ನನ್ನ ಕಡೆ ಕಣ್ಣು ತಿರುಗಿಸಿ ಕೇಳಿದರು:

"ಅಮ್ಮಾರೆ, ಈಕಿ ನಿಮ್ಮ ಸೊಸಿಯೇನ್ರಿ?"

"ಮಗಳ್ರಿ" ಎಂದರು ಅತ್ತೆ, ಬುಟ್ಟಿಯನ್ನು ನನ್ನ ಕೈಗೆ ಕೊಡುತ್ತ. "ಸೊಸಿ ಆಗಿದ್ರೆ ಹಿಂಗ ನಾಕು ಮಂದಿ ಮುಂದ ಅತ್ತೀನ ಬೈತಿದ್ಲೇನು?"